ಬೆಂಗಳೂರಿನ ಒಂದು ವರ್ಷದ ಲೆಕ್ಕವನ್ನು ಎಲ್ಲಿ ನಿಂತು ನೋಡಬೇಕು?

(ಬಡಾವಣೆಯೊಂದರ ನಿವಾಸಿಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಮನೆ ಕೆಲಸ ಬಿಟ್ಟು ಇಷ್ಟು ಜನ ಬಂದಿದ್ದೀರಿ, ಬಹಳ ಸಂತೋಷ.

ನನಗೆ ಕೊಟ್ಟಿರುವ ವಿಷಯ ಬೆಂಗಳೂರಿನ ವಾರ್ಷಿಕ ಪ್ರಗತಿ. ಒಂದು ವರ್ಷದಲ್ಲಿ ಊರಿನ ಆರ್ಥಿಕತೆ ಎಷ್ಟು ಬೆಳೆಯಿತು, ಮೂಲಸೌಕರ್ಯಕ್ಕೆ ಎಷ್ಟು ಹಣ ಹಾಕಿದರು ಅಂತ ಹೇಳಬೇಕು. ಮಾರ್ಚ್ ಬಂತು ಅಂದರೆ ಈ ಅಂಕಿಗಳೆಲ್ಲ ಒಟ್ಟಿಗೆ ಬರುತ್ತವೆ. ರಾಜ್ಯದ ಆರ್ಥಿಕ ಸಮೀಕ್ಷೆ, ರಾಜ್ಯ ಬಜೆಟ್, ಅದರ ಹಿಂದೆಯೇ ಪಾಲಿಕೆ ಬಜೆಟ್. ಎಲ್ಲದರಲ್ಲೂ ಸಾವಿರಾರು ಕೋಟಿ. ಪತ್ರಿಕೆ ಓದಿ ಮುಗಿಸಿದವರು ಕೇಳುವ ಪ್ರಶ್ನೆ ಮಾತ್ರ ಒಂದೇ: ಇಷ್ಟೆಲ್ಲ ದುಡ್ಡು ಹಾಕಿದರಲ್ಲ, ನಮ್ಮ ಬೀದಿಗೆ ಏನು ಬಂತು?

ಇದನ್ನು ಸುಮ್ನೆ ಗೊಣಗಾಟ ಅಂತ ತಳ್ಳಿಹಾಕುವವರಿದ್ದಾರೆ. ಊರಿನ ಲೆಕ್ಕ ನೋಡಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಗೊತ್ತಿಲ್ಲ. ಕಾಮಗಾರಿ ಅಂದ ಮೇಲೆ ಮೊದಲು ಹಣ ಮಂಜೂರಾಗುತ್ತದೆ. ಆಮೇಲೆ ಖರ್ಚಾಗುತ್ತದೆ. ಆಮೇಲೆ ಕೆಲಸ ಮುಗಿಯುತ್ತದೆ. ಆ ಕೆಲಸದಿಂದ ಜನರಿಗೆ ಅನುಕೂಲ ಆಗುವುದು ಇನ್ನೂ ಆಮೇಲೆ. ನಮಗೆ ವರ್ಷ ವರ್ಷ ಓದಿ ಹೇಳುವ ಅಂಕಿಗಳಲ್ಲಿ ಹೆಚ್ಚಿನವು ಮೊದಲ ಹಂತದವು. ನಾವು ಬದುಕುವುದು ಕೊನೆಯ ಹಂತದಲ್ಲಿ. ಇವತ್ತು ಬೆಂಗಳೂರನ್ನು ಆ ಕೊನೆಯ ತುದಿಯಿಂದ ನೋಡೋಣ.

ಮೊದಲು ಬೆಳವಣಿಗೆಯ ಮಾತು. ಕರ್ನಾಟಕದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬೆಂಗಳೂರು ನಗರ ಜಿಲ್ಲೆ ಒಂದರಿಂದಲೇ ಬರುತ್ತದೆ. ತಲಾ ಆದಾಯದ ಪಟ್ಟಿಯಲ್ಲೂ ಈ ಜಿಲ್ಲೆಯೇ ಮೇಲೆ. ಕಲಬುರಗಿ ಕೆಳಗೆ. ಒಂದೇ ರಾಜ್ಯದೊಳಗೆ ಇಷ್ಟು ಅಂತರ ಇರುವುದು ನಮಗೆ ನೋವಿನ ವಿಷಯವೇ ಆಗಬೇಕು. ಅದನ್ನು ಇನ್ನೊಂದು ದಿನ ಮಾತಾಡೋಣ. ಈಗ ಒಂದು ಬೇರೆ ಪ್ರಶ್ನೆ. ಈ ವರ್ಷ ಬೆಂಗಳೂರು ದುಡಿದದ್ದಕ್ಕೆ ಕಾರಣ ಈ ವರ್ಷ ಮಾಡಿದ ಕೆಲಸವಾ?

ಸ್ವಲ್ಪ ಹಿಂದೆ ಹೋಗೋಣ. 1905ರ ಆಗಸ್ಟ್ 5ರಂದು ಈಗಿನ ಕೆ.ಆರ್. ಮಾರುಕಟ್ಟೆಯ ಹತ್ತಿರ ಬೆಂಗಳೂರಿನ ಮೊದಲ ವಿದ್ಯುತ್ ಬೀದಿದೀಪಗಳು ಹೊತ್ತಿಕೊಂಡವು. ಆ ಕರೆಂಟು ಶಿವನಸಮುದ್ರದಿಂದ ಬಂದದ್ದು. 1909ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಅಂತ ನಮ್ಮ ಹಿರಿಯರು ಕರೆಯುತ್ತಿದ್ದ ವಿಜ್ಞಾನ ಸಂಸ್ಥೆ ಬಂತು. ಆಮೇಲೆ ದೊಡ್ಡ ಕಾರ್ಖಾನೆಗಳು: 1940ರಲ್ಲಿ ವಿಮಾನದ ಎಚ್‌ಎಎಲ್, 1948ರಲ್ಲಿ ಟೆಲಿಫೋನಿನ ಐಟಿಐ, 1953ರಲ್ಲಿ ಯಂತ್ರೋಪಕರಣದ ಎಚ್‌ಎಂಟಿ, 1954ರಲ್ಲಿ ಎಲೆಕ್ಟ್ರಾನಿಕ್ಸ್‌ನ ಬಿಇಎಲ್. ಒಂದು ಇಡೀ ತಲೆಮಾರಿನ ತಾಂತ್ರಿಕ ಕೆಲಸಗಾರರು ತಯಾರಾದದ್ದು ಅಲ್ಲಿ. 1978ರಲ್ಲಿ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್‌ನವರು ಆರ್.ಕೆ. ಬಾಳಿಗರ ನೇತೃತ್ವದಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಹಳ್ಳಿಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿ ಮಾಡಿದರು. ಆಗ ಅದು ಊರಾಚೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದದ್ದು 1985ರಲ್ಲಿ. ಅವರು ಇಲ್ಲಿಂದ ಉಪಗ್ರಹದ ಮೂಲಕ ಹೊರದೇಶಕ್ಕೆ ಕೆಲಸ ಕಳಿಸಬಹುದು ಅಂತ ಮಾಡಿ ತೋರಿಸಿದ ಮೇಲೆ ಉಳಿದವರು ಒಬ್ಬೊಬ್ಬರಾಗಿ ಬಂದರು.

ಇವತ್ತು ನಮ್ಮ ಮಕ್ಕಳು ತರುವ ಸಂಬಳದ ಬೇರು ಅಲ್ಲೆಲ್ಲ ಇದೆ. ತೆಂಗಿನ ಸಸಿ ನೆಟ್ಟ ವರ್ಷವೇ ಕಾಯಿ ಎಣಿಸೋಕೆ ಆಗಲ್ಲ ಅಲ್ವಾ, ಹಾಗೆ. ಊರಿನ ಆದಾಯ ವರ್ಷದ ಲೆಕ್ಕದಲ್ಲಿ ಬರುತ್ತದೆ. ಊರಿನ ಕಾಮಗಾರಿ ಹತ್ತು ಹದಿನೈದು ವರ್ಷದ ಲೆಕ್ಕದಲ್ಲಿ ಬರುತ್ತದೆ. ಎರಡನ್ನೂ ಒಂದೇ ಮಾರ್ಚ್‌ನಲ್ಲಿ ಒಂದೇ ಪುಟದಲ್ಲಿ ಓದುವುದರಿಂದ ನಮಗೆ ಗೊಂದಲವಾಗುತ್ತದೆ.

ಈಗ ನೀರಿಗೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ, ಅಂದರೆ ಬಿಬಿಎಂಪಿ ಆಯಿತು. ಹಳೆಯ ಮಹಾನಗರ ಪಾಲಿಕೆಗೆ ಸುತ್ತಲಿನ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿದವು. ಹಳ್ಳಿಗಳು ಒಂದು ಆದೇಶದಲ್ಲಿ ಬೆಂಗಳೂರಾದವು. ಮನೆ ಕಟ್ಟಲು ನಕ್ಷೆಗೆ ಅನುಮತಿ ಸಿಕ್ಕಿತು. ಅಪಾರ್ಟ್‌ಮೆಂಟ್‌ಗಳು ಎದ್ದವು. ಕಂದಾಯ ಕಟ್ಟಿಸಿಕೊಂಡರು. ಕಾವೇರಿ ನೀರು ಮಾತ್ರ ಬರಲಿಲ್ಲ. ಬೋರ್‌ವೆಲ್ ಕೊರೆದರು, ನೀರು ಕೆಳಗೆ ಹೋಯಿತು, ಇನ್ನೂ ಆಳಕ್ಕೆ ಕೊರೆದರು. ಟ್ಯಾಂಕರ್ ಅಲ್ಲಿನವರ ತಿಂಗಳ ಖರ್ಚಿನಲ್ಲಿ ಬಾಡಿಗೆ, ಸ್ಕೂಲ್ ಫೀಸಿನ ಪಕ್ಕ ಕಾಯಂ ಆಗಿ ಕೂತುಬಿಟ್ಟಿತು. 2024ರ ಬೇಸಿಗೆ ನಿಮಗೆಲ್ಲ ನೆನಪಿದೆ. ಊರಿನ ಸುಮಾರು 14,000 ಕೊಳವೆಬಾವಿಗಳಲ್ಲಿ ಹತ್ತಿರ ಹತ್ತಿರ ಅರ್ಧ ಬತ್ತಿವೆ ಅಂತ ಸರ್ಕಾರವೇ ಹೇಳಿತು.

ಅದೇ ವರ್ಷ ಅಕ್ಟೋಬರ್ 16ರಂದು ತೊರೆಕಾಡನಹಳ್ಳಿಯಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ದಿನಕ್ಕೆ 775 ದಶಲಕ್ಷ ಲೀಟರ್. ಅದಕ್ಕೂ ಮೊದಲು ಊರಿಗೆ ದಿನವೂ ಬರುತ್ತಿದ್ದದ್ದು ಸುಮಾರು 1,450 ದಶಲಕ್ಷ ಲೀಟರ್. ಅಂದರೆ ಒಂದೇ ಸಲಕ್ಕೆ ಅರ್ಧದಷ್ಟು ಜಾಸ್ತಿ. ಖರ್ಚು 4,300 ಕೋಟಿ ರೂಪಾಯಿಗೂ ಹೆಚ್ಚು. ಜಪಾನಿನ ಜೈಕಾ ಸಂಸ್ಥೆಯ ಸಾಲ ಇದರಲ್ಲಿದೆ.

ಈ ಕೆಲಸ ಎಷ್ಟು ದೊಡ್ಡದು ಅಂತ ನಾವು ಸಾಮಾನ್ಯವಾಗಿ ಯೋಚನೆ ಮಾಡುವುದಿಲ್ಲ. ಕಾವೇರಿ ನಮ್ಮ ಊರಿನ ಪಕ್ಕ ಹರಿಯುವ ಹೊಳೆಯಲ್ಲ. ಸುಮಾರು ನೂರು ಕಿಲೋಮೀಟರ್ ದೂರದಿಂದ ನೀರು ತರಬೇಕು. ಅದೂ ಕೆಳಗಿನಿಂದ ಮೇಲಕ್ಕೆ. ತೊರೆಕಾಡನಹಳ್ಳಿಯಲ್ಲಿ ಶುದ್ಧಮಾಡಿ ಪಂಪ್ ಮಾಡುತ್ತಾರೆ, ಹಾರೋಹಳ್ಳಿಯಲ್ಲಿ ಮತ್ತೆ ಪಂಪ್ ಮಾಡುತ್ತಾರೆ, ತಾತಗುಣಿಯಲ್ಲಿ ಮತ್ತೊಮ್ಮೆ. ಒಟ್ಟು ಸುಮಾರು 500 ಮೀಟರ್ ಏರಿಸಬೇಕು. ಹಗಲು ರಾತ್ರಿ ಮೋಟಾರು ನಿಲ್ಲುವ ಹಾಗಿಲ್ಲ. ಮೊದಲ ಹಂತದ ನೀರು 1974ರಲ್ಲಿ ಬಂತು. ಅಲ್ಲಿಂದ ಇಲ್ಲಿಯವರೆಗೆ ಈ ಮೋಟಾರುಗಳ ಪಕ್ಕ ಪಾಳಿಯಲ್ಲಿ ಕೂತು ಕೆಲಸ ಮಾಡಿದವರಿಗೆ ಈ ಊರು ಋಣಿಯಾಗಿರಬೇಕು. ಇದನ್ನು ನಾನು ಮನಸಾರೆ ಹೇಳುತ್ತಿದ್ದೇನೆ.

ಆದರೆ ಈಗ ಲೆಕ್ಕ ನೋಡಿ. ಹಳ್ಳಿಗಳು ಊರೊಳಗೆ ಬಂದದ್ದು 2007. ಅವುಗಳಿಗಾಗಿಯೇ ಮಾಡಿದ ಐದನೇ ಹಂತದ ನೀರು ಬಂದದ್ದು 2024. ನಡುವೆ ಹದಿನೇಳು ವರ್ಷ. ಆ ಹದಿನೇಳೂ ವರ್ಷ ಬೆಂಗಳೂರಿನ ಆರ್ಥಿಕ ಬೆಳವಣಿಗೆಯ ಅಂಕಿ ಚೆನ್ನಾಗಿಯೇ ಇತ್ತು. ಆ ಬೆಳವಣಿಗೆ ಹೆಚ್ಚಾಗಿ ಆದದ್ದೂ ಅದೇ ಹೊರವಲಯದಲ್ಲಿ, ಮಹದೇವಪುರದಲ್ಲಿ, ವೈಟ್‌ಫೀಲ್ಡ್ ಸುತ್ತಮುತ್ತ, ಸರ್ಜಾಪುರ ರಸ್ತೆಯಲ್ಲಿ. ಬಿಬಿಎಂಪಿಯ ಮಹದೇವಪುರ ವಲಯ ಆಸ್ತಿ ತೆರಿಗೆಯಲ್ಲಿ ಊರಿಗೇ ಮೊದಲಿತ್ತು. ಅತಿ ಹೆಚ್ಚು ತೆರಿಗೆ ಕೊಟ್ಟ ಜಾಗದ ಜನ ಅತಿ ಹೆಚ್ಚು ಟ್ಯಾಂಕರ್ ನೀರು ಕೊಂಡರು.

ಇನ್ನೂ ಒಂದು ಮಾತಿದೆ. 2024ರ ಅಕ್ಟೋಬರ್‌ನಲ್ಲಿ ನೀರು ಊರಿಗೆ ಬಂತು. ಮನೆಗೆ ಬಂತಾ? ಐದನೇ ಹಂತದಲ್ಲಿ ನಾಲ್ಕು ಲಕ್ಷ ಹೊಸ ಸಂಪರ್ಕ ಕೊಡುವ ಗುರಿ ಇತ್ತು. ಒಂದು ಸಂಪರ್ಕ ಅಂದರೆ ಏನೇನು ಬೇಕು ಅಂತ ಮನೆ ಕಟ್ಟಿಸಿದವರಿಗೆ ಗೊತ್ತು. ಅರ್ಜಿ ಹಾಕಬೇಕು. ಕಟ್ಟಡದ ಅಳತೆಗೆ ತಕ್ಕ ಶುಲ್ಕ ಕಟ್ಟಬೇಕು. ಬೀದಿಯ ಕೊಳವೆಯಿಂದ ನಿಮ್ಮ ಗೇಟಿನವರೆಗೆ ರಸ್ತೆ ಅಗೆಯಬೇಕು, ಅದಕ್ಕೆ ಬೇರೆ ಅನುಮತಿ. ಮೀಟರ್ ಕೂರಿಸಬೇಕು, ಸಂಪಿಗೆ ಜೋಡಿಸಬೇಕು. ಅಗೆದದ್ದನ್ನು ಮುಚ್ಚಬೇಕು. ಶುಲ್ಕ ಒಟ್ಟಿಗೆ ಕಟ್ಟಲು ಆಗದೆ ಅಪಾರ್ಟ್‌ಮೆಂಟ್‌ಗಳವರು ಹಿಂದೆ ಸರಿದರು. ಕೊನೆಗೆ ಜಲಮಂಡಳಿಯೇ ಜನರ ಹತ್ತಿರ ಹೋಗಿ ಸಂಪರ್ಕ ತೆಗೆದುಕೊಳ್ಳಿ ಅಂತ ಕೇಳಬೇಕಾಯಿತು. ಕಂತಿನಲ್ಲಿ ಕಟ್ಟುವ ಅವಕಾಶ ಕೊಟ್ಟಿತು. ಅದು ಒಳ್ಳೆಯ ನಿರ್ಧಾರ. ಮೊದಲೇ ಮಾಡಬಹುದಿತ್ತು.

ಹಾಗಾಗಿ ನನ್ನನ್ನು ಕೇಳಿದರೆ ನೀರಿನ ವಿಷಯದಲ್ಲಿ ವಾರ್ಷಿಕ ಪ್ರಗತಿ ಅಂದರೆ 775 ದಶಲಕ್ಷ ಲೀಟರ್ ಅನ್ನುವ ಅಂಕಿ ಸಾಲದು. ಈ ವರ್ಷ ಎಷ್ಟು ಮೀಟರ್ ತಿರುಗಲು ಶುರುವಾಯಿತು, ವಾರಕ್ಕೆ ಎಷ್ಟು ದಿನ ನೀರು ಬಿಟ್ಟರು, ವಾರ್ಡಿನಲ್ಲಿ ಟ್ಯಾಂಕರ್ ಓಡಾಟ ಎಷ್ಟು ಕಡಿಮೆಯಾಯಿತು. ಈ ಮೂರು ಅಂಕಿಗಳನ್ನು ವಾರ್ಡಿಗೆ ಒಂದರಂತೆ ಬರೆದು ಹಾಕಿದರೆ ಬೇರೆ ವರದಿ ಬೇಕಾಗುವುದಿಲ್ಲ.

ದರದ ಬಗ್ಗೆಯೂ ಹೇಳಿಬಿಡುತ್ತೇನೆ, ನಿಮಗೆ ಇಷ್ಟವಾಗದಿದ್ದರೂ. 2014ರ ನಂತರ ನೀರಿನ ದರ ಏರಿಸಿದ್ದು 2025ರ ಏಪ್ರಿಲ್‌ನಲ್ಲಿ. ಹತ್ತು ವರ್ಷಕ್ಕೂ ಹೆಚ್ಚು ಕಾಲ ದರ ಅಲ್ಲೇ ಇತ್ತು, ಕರೆಂಟು ಬಿಲ್ ಏರುತ್ತಲೇ ಇತ್ತು. ಮೆಟ್ರೊದಲ್ಲೂ ಹಾಗೆಯೇ ಆಯಿತು. 2017ರ ನಂತರ 2025ರ ಫೆಬ್ರವರಿಯಲ್ಲಿ ಒಮ್ಮೆಲೇ ಏರಿಸಿದರು, ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹೋಯಿತು. ದಿನಾ ಓಡಾಡುವವರಿಗೆ ಅದು ನಿಜವಾದ ಪೆಟ್ಟು. ವರ್ಷ ವರ್ಷ ಸ್ವಲ್ಪ ಸ್ವಲ್ಪ ಏರಿಸಿ, ಯಾಕೆ ಏರಿಸಿದೆವು ಅಂತ ಲೆಕ್ಕ ತೋರಿಸಿದ್ದರೆ ಜನ ತಡೆದುಕೊಳ್ಳುತ್ತಿದ್ದರು. ಎಂಟು ಹತ್ತು ವರ್ಷ ಸುಮ್ಮನಿದ್ದು ಆಮೇಲೆ ಒಂದೇ ಸಲ ಹೇರುವುದು ಬಡವರಿಗೆ ಮಾಡುವ ಅನ್ಯಾಯ.

ಇನ್ನು ಮೆಟ್ರೊ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ರೈಲು ಓಡಿತು. ಏಳು ಕಿಲೋಮೀಟರ್ ಕೂಡ ಇರಲಿಲ್ಲ. ಮೊದಲ ಹಂತದ 42.3 ಕಿಲೋಮೀಟರ್ ಮುಗಿದದ್ದು 2017ರ ಜೂನ್‌ನಲ್ಲಿ. ಶುರುವಿನ ಅಂದಾಜು 6,395 ಕೋಟಿ ರೂಪಾಯಿ. ಮುಗಿಯುವಾಗ ಹತ್ತಿರ ಹತ್ತಿರ 14,000 ಕೋಟಿ. ನ್ಯಾಯವಾಗಿ ಹೇಳಬೇಕೆಂದರೆ ಮಾರ್ಗವೂ ಮೊದಲಿನ 33 ಕಿಲೋಮೀಟರ್‌ನಿಂದ ಉದ್ದವಾಯಿತು. ಆದರೂ ತಡವಾದ ಒಂದೊಂದು ವರ್ಷಕ್ಕೂ ನಾವು ಬೆಲೆ ತೆತ್ತಿದ್ದೇವೆ.

ಹಳದಿ ಮಾರ್ಗವನ್ನು ಹತ್ತಿರದಿಂದ ನೋಡೋಣ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಸುಮಾರು 19 ಕಿಲೋಮೀಟರ್, 16 ನಿಲ್ದಾಣ. ಸಿಲ್ಕ್ ಬೋರ್ಡ್, ಎಲೆಕ್ಟ್ರಾನಿಕ್ಸ್ ಸಿಟಿ ಎರಡೂ ಇದರ ಮೇಲೆ ಬರುತ್ತವೆ. ಸುಮಾರು 7,160 ಕೋಟಿಯ ಕೆಲಸ. ಕಂಬ ಎದ್ದಿತು, ಹಳಿ ಹಾಕಿದರು, ನಿಲ್ದಾಣಗಳಿಗೆ ಬಣ್ಣ ಹೊಡೆದರು. ರೈಲು ಇರಲಿಲ್ಲ! ಬೋಗಿ ಪೂರೈಸುವ ಗುತ್ತಿಗೆ 2019ರಲ್ಲಿ ಚೀನಾದ ಸಿಆರ್‌ಆರ್‌ಸಿ ಕಂಪನಿಗೆ ಹೋಯಿತು. ಬಹುಪಾಲು ಬೋಗಿಗಳನ್ನು ಭಾರತದಲ್ಲೇ ತಯಾರಿಸಬೇಕು ಅನ್ನುವ ಷರತ್ತಿತ್ತು. ಅದು ಕೂಡಿಬರಲಿಲ್ಲ. ಆಮೇಲೆ ಬಂಗಾಳದ ಟೀಟಾಗಢ ಕಂಪನಿ ಜೊತೆಗೆ ಬಂತು. ಚೀನಾದಿಂದ ಮೊದಲ ರೈಲು ಇಲ್ಲಿಗೆ ಬಂದು ತಲುಪಿದ್ದು 2024ರ ಫೆಬ್ರವರಿಯಲ್ಲಿ. 2025ರ ಆಗಸ್ಟ್ 10ರಂದು ಪ್ರಧಾನಿ ಮಾರ್ಗ ಉದ್ಘಾಟಿಸಿದರು. ಶುರುವಾದಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು.

ಯೋಚನೆ ಮಾಡಿ. ಸಾವಿರಾರು ಕೋಟಿಯ ಸೇತುವೆ, ಹಳಿ, ನಿಲ್ದಾಣ ತಯಾರಾಗಿ ನಿಂತಿವೆ. ಸಾಲಕ್ಕೆ ಬಡ್ಡಿ ಓಡುತ್ತಿದೆ. ಕೆಳಗೆ ಹೊಸೂರು ರಸ್ತೆಯಲ್ಲಿ ಜನ ಬಸ್ಸಿನಲ್ಲಿ, ಬೈಕಿನಲ್ಲಿ ತಲೆಯೆತ್ತಿ ಖಾಲಿ ನಿಲ್ದಾಣ ನೋಡುತ್ತಾ ಕೂತಿದ್ದಾರೆ. ಆ ವರ್ಷಗಳ ವರದಿಯಲ್ಲಿ ಹಳದಿ ಮಾರ್ಗ ‘ಶೇಕಡಾ ಇಷ್ಟು ಪೂರ್ಣ’ ಅಂತಲೇ ಬರುತ್ತಿತ್ತು. ಆ ಶೇಕಡಾ ಸುಳ್ಳಲ್ಲ. ಆದರೆ ಪ್ರಯಾಣಿಕರ ಪಾಲಿಗೆ ಅದು ಸೊನ್ನೆ. ಮಾರ್ಗ ತೆರೆದ ಮರುದಿನವೇ, ಆಗಸ್ಟ್ 11ರಂದು, ಇಡೀ ನಮ್ಮ ಮೆಟ್ರೊದಲ್ಲಿ ಓಡಾಡಿದವರ ಸಂಖ್ಯೆ ಮೊದಲ ಬಾರಿಗೆ 10 ಲಕ್ಷ ದಾಟಿತು. ಜನ ಎಷ್ಟು ಕಾದಿದ್ದರು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಬಾಕಿ ಕೆಲಸಗಳ ಪಟ್ಟಿ ಓದುತ್ತಾ ಕೂರುವುದಿಲ್ಲ. ಈಜಿಪುರ ಮೇಲ್ಸೇತುವೆ ಎರಡೂವರೆ ಕಿಲೋಮೀಟರ್. 2017ರಲ್ಲಿ ಶುರುವಾಯಿತು. ಅರ್ಧಕ್ಕೆ ನಿಂತ ಕಂಬಗಳನ್ನು ನೋಡುತ್ತಲೇ ಕೋರಮಂಗಲದ ಮಕ್ಕಳು ದೊಡ್ಡವರಾದರು. ಉಪನಗರ ರೈಲಿಗೆ 148 ಕಿಲೋಮೀಟರ್, 15,767 ಕೋಟಿ. 2020ರಲ್ಲಿ ಕೇಂದ್ರದ ಒಪ್ಪಿಗೆ, 2022ರ ಜೂನ್‌ನಲ್ಲಿ ಶಂಕುಸ್ಥಾಪನೆ. ಅವತ್ತು ಕೊಟ್ಟ ಮಾತು 40 ತಿಂಗಳು. ಆ 40 ತಿಂಗಳು ಕಳೆದರೂ ನಾಲ್ಕು ಮಾರ್ಗದಲ್ಲಿ ಒಂದರಲ್ಲೂ ರೈಲು ಓಡಲಿಲ್ಲ. ನನಗೆ ಮೆಟ್ರೊಗಿಂತ ಈ ಯೋಜನೆಯ ಮೇಲೆ ಪ್ರೀತಿ ಜಾಸ್ತಿ. ಸುತ್ತಲಿನ ಊರುಗಳಿಂದ ದಿನವೂ ಬಂದು ದುಡಿಯುವವರಿಗೆ ಇದರಷ್ಟು ಅಗ್ಗದ ದಾರಿ ಬೇರೆ ಸಿಗುವುದಿಲ್ಲ. ಅದಕ್ಕೇ ಹೆಚ್ಚು ಸಂಕಟ.

ವಿಮಾನ ನಿಲ್ದಾಣದ ಕಥೆ ಬೇರೆ. 2008ರಲ್ಲಿ ತೆರೆಯಿತು, 2022ರಲ್ಲಿ ಎರಡನೇ ಟರ್ಮಿನಲ್ ಬಂತು, 2024ರಲ್ಲಿ ಪ್ರಯಾಣಿಕರ ಸಂಖ್ಯೆ 4 ಕೋಟಿ ದಾಟಿತು. ಅಲ್ಲಿ ಕಟ್ಟುವವರು, ನಡೆಸುವವರು, ಹಣ ವಸೂಲಿ ಮಾಡುವವರು ಎಲ್ಲ ಒಬ್ಬರೇ. ಊರೊಳಗಿನ ಒಂದು ರಸ್ತೆಯಲ್ಲಿ ಡಾಂಬರು ಒಬ್ಬರದು, ನೀರಿನ ಪೈಪು ಇನ್ನೊಬ್ಬರದು, ಕರೆಂಟು ಕೇಬಲ್ಲು ಮತ್ತೊಬ್ಬರದು.

ಇವರೆಲ್ಲರ ಕೆಲಸವನ್ನು ಒಟ್ಟಿಗೆ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಒಳ್ಳೆಯ ಉದಾಹರಣೆ ನಮ್ಮಲ್ಲೇ ಇದೆ. ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ವಿಠಲ್ ಮಲ್ಯ ರಸ್ತೆಯ ಕಡೆ ಟೆಂಡರ್ ಶ್ಯೂರ್ ಅಂತ ಮಾಡಿದರಲ್ಲ, ಅಲ್ಲಿ ಫುಟ್‌ಪಾತ್ ಕೆಳಗೇ ನೀರು, ಒಳಚರಂಡಿ, ವಿದ್ಯುತ್, ಕೇಬಲ್ಲಿಗೆ ಬೇರೆ ಬೇರೆ ಜಾಗ ಮಾಡಿಟ್ಟರು. ಏನಾದರೂ ಕೆಟ್ಟರೆ ಮುಚ್ಚಳ ತೆಗೆದು ಇಳಿದು ಸರಿಮಾಡಬಹುದು, ರಸ್ತೆ ಅಗೆಯಬೇಕಾಗಿಲ್ಲ. ಕಿಲೋಮೀಟರ್‌ಗೆ ಖರ್ಚು ಜಾಸ್ತಿಯಾಯಿತು ಅಂತ ಟೀಕೆ ಬಂತು. ಆದರೆ ನಮ್ಮ ಬೀದಿಯಂತಹ ಬೀದಿಯನ್ನು ಮೂರು ಇಲಾಖೆ ಮೂರು ಸಲ ಅಗೆದು, ಮೂರು ಸಲ ಜಲ್ಲಿ ಸುರಿದು, ಮೂರು ಸಲ ಬಿಲ್ ಮಾಡಿದ ಖರ್ಚನ್ನು ಯಾರೂ ಒಟ್ಟಿಗೆ ಕೂಡಿಸಿ ನೋಡುವುದಿಲ್ಲ. ಹಾಗೆ ಅಗೆದ ಪ್ರತಿ ಸಲವೂ ವಾರ್ಷಿಕ ವರದಿಯಲ್ಲಿ ಅದು ಮೂಲಸೌಕರ್ಯದ ಹೂಡಿಕೆ ಅಂತಲೇ ಲೆಕ್ಕವಾಗುತ್ತದೆ. ದುಡ್ಡು ಖರ್ಚಾಗಿದೆ, ಊರು ಒಂದಿಂಚೂ ಮುಂದೆ ಹೋಗಿಲ್ಲ.

ಮಳೆನೀರಿಗೂ ಇದೇ ಮಾತು. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ ಮುಳುಗಿತು, ಟ್ರ್ಯಾಕ್ಟರ್ ಹತ್ತಿ ಜನ ಆಫೀಸಿಗೆ ಹೋದರು. ರಾಜಕಾಲುವೆಗೆ ತಡೆಗೋಡೆ ಕಟ್ಟಿದ ಉದ್ದವನ್ನು ಕಿಲೋಮೀಟರ್‌ನಲ್ಲಿ ಹೇಳುತ್ತಾರೆ. ನೀರಿಗೆ ಕಿಲೋಮೀಟರ್ ಗೊತ್ತಿಲ್ಲ. ಎಲ್ಲಿ ಇಕ್ಕಟ್ಟೋ ಅಲ್ಲಿ ನಿಲ್ಲುತ್ತದೆ. 2025ರ ಮೇ ತಿಂಗಳಲ್ಲಿ ಹೊರಮಾವು ಕಡೆಯ ಸಾಯಿ ಲೇಔಟ್ ಮುಳುಗಿದಾಗ ಎಲ್ಲರೂ ಬೆರಳು ತೋರಿಸಿದ್ದು ರೈಲು ಹಳಿಯ ಕೆಳಗಿನ ಕಿರಿದಾದ ಮೋರಿಯ ಕಡೆಗೆ. ಹತ್ತು ಕಿಲೋಮೀಟರ್ ಕಾಲುವೆ ಚೆನ್ನಾಗಿದ್ದು ಒಂದು ಮೋರಿ ಕಿರಿದಾದರೆ ಆ ಬಡಾವಣೆಯವರಿಗೆ ಆ ವರ್ಷದ ಪ್ರಗತಿ ಮೊಣಕಾಲುದ್ದ ನೀರು.

ಈಗ ದುಡ್ಡು ಎಲ್ಲಿಂದ ಬರುತ್ತದೆ ಅಂತ ನೋಡೋಣ. ಬೆಂಗಳೂರು ಈ ವಿಷಯದಲ್ಲಿ ಒಂದು ಕಾಲಕ್ಕೆ ದೇಶಕ್ಕೇ ಮುಂದಿತ್ತು. 1997ರಲ್ಲಿ ನಮ್ಮ ಪಾಲಿಕೆ 125 ಕೋಟಿ ರೂಪಾಯಿಯ ಬಾಂಡ್ ಹೊರಡಿಸಿತು. ಭಾರತದಲ್ಲಿ ಹಾಗೆ ಮಾಡಿದ ಮೊದಲ ಪಾಲಿಕೆ ಇದು, ಸರ್ಕಾರದ ಖಾತರಿ ಇತ್ತು. 2000ದಲ್ಲಿ ಮನೆಯವರೇ ತಮ್ಮ ಆಸ್ತಿ ತೆರಿಗೆ ಲೆಕ್ಕ ಹಾಕಿ ಕಟ್ಟುವ ಪದ್ಧತಿ ಬಂತು. ಅಧಿಕಾರಿ ಬಂದು ಅಳೆದು, ಅವರ ಮನಸ್ಸಿಗೆ ಬಂದಷ್ಟು ಹೇಳುವ ಕಾಲ ಹೋಯಿತು. ಜನರನ್ನು ನಂಬಿದ್ದಕ್ಕೆ ವಸೂಲಿ ಜಾಸ್ತಿಯಾಯಿತು. ಅದು ನನಗೆ ಬಹಳ ಮುಖ್ಯ ಅನಿಸುತ್ತದೆ.

2024-25ರಲ್ಲಿ ಬಿಬಿಎಂಪಿ ವಸೂಲು ಮಾಡಿದ ಆಸ್ತಿ ತೆರಿಗೆ ಸುಮಾರು 4,900 ಕೋಟಿ. 2025-26ರ ಬಜೆಟ್ 19,900 ಕೋಟಿ ದಾಟಿತು. ಹಿಂದಿನ ವರ್ಷದ ಬಜೆಟ್ 12,000 ಕೋಟಿ ಚಿಲ್ಲರೆ. ಒಂದೇ ವರ್ಷದಲ್ಲಿ ಈ ಏರಿಕೆಗೆ ಒಂದು ಮುಖ್ಯ ಕಾರಣ ರಾಜ್ಯ ಸರ್ಕಾರ ಬೆಂಗಳೂರಿಗೆ ಕೊಡುವ ಅನುದಾನವನ್ನು 3,000 ಕೋಟಿಯಿಂದ 7,000 ಕೋಟಿಗೆ ಏರಿಸಿದ್ದು. ಕೊಟ್ಟದ್ದು ಸಂತೋಷ. ಆದರೆ ಅನುದಾನದಲ್ಲಿ ಬರುವ ಹಣ ದೊಡ್ಡ ದೊಡ್ಡ ಕೆಲಸಕ್ಕೇ ಹೋಗುತ್ತದೆ. ಮೋರಿ ಹೂಳು ತೆಗೆಯಲು, ಬೀದಿದೀಪ ನೋಡಿಕೊಳ್ಳಲು, ಗುಂಡಿ ಮುಚ್ಚಲು ಊರಿನ ಸ್ವಂತ ದುಡಿಮೆಯೇ ಬೇಕು. ನಾನು ಬಜೆಟ್ ಪುಸ್ತಕ ಕೈಗೆ ಬಂದರೆ ಮೊದಲು ತಿರುಗಿಸುವುದು ನಿರ್ವಹಣೆಯ ಪುಟ. ಹೊಸದಾಗಿ ಕಟ್ಟುವುದಕ್ಕೆ ಗುದ್ದಲಿ ಪೂಜೆ ಇದೆ. ಹಳೆಯದನ್ನು ಚೆನ್ನಾಗಿಟ್ಟುಕೊಳ್ಳುವುದಕ್ಕೆ ಯಾವ ಪೂಜೆಯೂ ಇಲ್ಲ.

ಇನ್ನೊಂದು ವಿಷಯ ಹೇಳದೆ ಇರಲಾರೆ. ಪಾಲಿಕೆಗೆ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ. ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಆಮೇಲೆ ಬಿಬಿಎಂಪಿ ಇರುವವರೆಗೂ ಚುನಾವಣೆ ನಡೆಯಲೇ ಇಲ್ಲ. ಅಷ್ಟೂ ವರ್ಷ ಬಜೆಟ್ ಓದಿದವರು ಅಧಿಕಾರಿಗಳು. ಅವರ ಮೇಲೆ ನನಗೆ ದೂರಿಲ್ಲ. ಆದರೆ ‘ನನ್ನ ವಾರ್ಡಿನ ಮೋರಿ ಏನಾಯ್ತು’ ಅಂತ ಎದ್ದು ನಿಂತು ಕೂಗುವವರು ಆ ಸಭೆಯಲ್ಲಿ ಇರಲಿಲ್ಲ. ಒಂದು ಊರಿಗೆ ಐದು ವರ್ಷ ಇದು ಬಹಳ ದೊಡ್ಡ ನಷ್ಟ. 2025ರ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾದವು: ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ. ಕಚೇರಿ ಹತ್ತಿರವಾದರೆ ಒಳ್ಳೆಯದೇ. ನನ್ನ ಚಿಂತೆ ಹಣದ್ದು. ಪೂರ್ವದಲ್ಲಿ ಐಟಿ ಪಾರ್ಕುಗಳಿವೆ, ತೆರಿಗೆ ಬರುತ್ತದೆ. ಹಳೆಯ ಬಡಾವಣೆಗಳು, ಸಣ್ಣ ಕೈಗಾರಿಕೆಗಳು ಇರುವ ಕಡೆ ಅಷ್ಟು ಬರುವುದಿಲ್ಲ. ಆದರೆ ಹಳೆಯ ಪೈಪು, ಹಳೆಯ ಒಳಚರಂಡಿ ಜಾಸ್ತಿ ಇರುವುದು ಅಲ್ಲೇ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇನೆ.

ಹಿಂದಿನ ಸಾಲಿನಲ್ಲಿದ್ದ ಯುವಕರೊಬ್ಬರು, ‘ಸರ್, ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುರಂಗ ರಸ್ತೆ ಮಾಡ್ತಾರಂತೆ, ನಿಮ್ಮ ಅಭಿಪ್ರಾಯ ಏನು?’ ಅಂದರು. ಸುಮಾರು 17 ಕಿಲೋಮೀಟರ್‌ಗೆ 17,000 ಕೋಟಿಯ ಮೇಲೆ ಅಂದಾಜಿದೆ. ನನ್ನ ಅಭಿಪ್ರಾಯ ನೇರವಾಗಿ ಹೇಳಿದೆ. ಅದು ಕಾರಿನವರಿಗೆ ಮಾತ್ರ ದಾರಿ ಮಾಡುವ ಖರ್ಚು. ಈ ಊರಿನಲ್ಲಿ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ, ಎಷ್ಟು ದಾರಿ ಮಾಡಿದರೂ ತುಂಬುತ್ತದೆ. ಅದಕ್ಕೂ ಮೊದಲು ಉಪನಗರ ರೈಲು ಓಡಲಿ, ಬಿಎಂಟಿಸಿ ಬಸ್ಸುಗಳು ಜಾಸ್ತಿಯಾಗಲಿ, ಮೆಟ್ರೊ ನಿಲ್ದಾಣದಿಂದ ಮನೆಗೆ ನಡೆದು ಹೋಗಲು ಫುಟ್‌ಪಾತ್ ಆಗಲಿ.

ಇನ್ನೊಬ್ಬ ಹಿರಿಯ ಮಹಿಳೆ ಕೇಳಿದರು: ‘ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಾವೇರಿ ಸಂಪರ್ಕ ಬೇಡ, ಟ್ಯಾಂಕರೇ ಸಾಕು ಅಂತಿದ್ದಾರೆ. ನಾನು ಏನು ಹೇಳಲಿ?’ ನಾನು ಹೇಳಿದೆ: ‘ಅಮ್ಮಾ, ಕಳೆದ ಬೇಸಿಗೆಯ ನಾಲ್ಕು ತಿಂಗಳ ಟ್ಯಾಂಕರ್ ಬಿಲ್ ತೆಗೆದು ಸಭೆಯಲ್ಲಿ ಓದಿ. ಪಕ್ಕದಲ್ಲಿ ಜಲಮಂಡಳಿಯ ಶುಲ್ಕ, ಅದರ ಕಂತು, ತಿಂಗಳ ನೀರಿನ ಬಿಲ್ ಬರೆದಿಡಿ. ಎಷ್ಟು ವರ್ಷದಲ್ಲಿ ಶುಲ್ಕ ವಾಪಸ್ಸು ಬರುತ್ತದೆ ಅಂತ ಅಲ್ಲೇ ಕೂತು ಲೆಕ್ಕ ಹಾಕಿ. ಸಂಪರ್ಕಕ್ಕೆ ಅರ್ಜಿ ಕೊಡುವಾಗ ರಸ್ತೆ ಅಗೆದದ್ದನ್ನು ಯಾವತ್ತಿಗೆ ಮುಚ್ಚುತ್ತೀರಿ ಅಂತ ಬರವಣಿಗೆಯಲ್ಲಿ ಕೇಳಿ.’ ಅವರು ಚೀಲದಿಂದ ಪೆನ್ನು ತೆಗೆದು ಅದಷ್ಟನ್ನೂ ಬರೆದುಕೊಂಡರು.